ಬೆಂಗಳೂರಲ್ಲಿ ಕೆಲಸ, ಮಂಡ್ಯದಲ್ಲಿ ಕಬ್ಬು: ಹವಾಮಾನ ನೋಡಿಕೊಂಡು ಸಿಹಿ ಕಬ್ಬು ಬೆಳೆಯೋದು ಹೇಗೆ?

ಬೆಂಗಳೂರಲ್ಲಿ ಮಳೆ ಸುರಿಯುತ್ತಿದೆ ಅಂತ ಊರಿಗೆ ಫೋನ್ ಮಾಡಿ "ಇವತ್ತು ಮೋಟರ್ ಹಾಕಬೇಡಿ" ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕೆಲಸ ಇಲ್ಲಿ, ಗದ್ದೆ ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆ. ಹೈವೇಯಲ್ಲಿ ನೂರು ಕಿಲೋಮೀಟರ್ ಅಷ್ಟೇ, ಆದರೆ ಹವಾಮಾನ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಮಂಡ್ಯ 700 ಮೀಟರ್ ಆಸುಪಾಸು. ಅಲ್ಲಿ ಸೆಕೆ ಜಾಸ್ತಿ, ಮಳೆ ಕಡಿಮೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬಿದ್ದರೆ ಅದೇ ದೊಡ್ಡದು. ಹಾಗಾಗಿ ಇಲ್ಲಿನ ಕಿಟಕಿಯಿಂದ ಅಲ್ಲಿನ ಕಬ್ಬು ನೋಡಿಕೊಳ್ಳೋಕೆ ಆಗಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಸಿಲು, ಮಳೆ, ಚಳಿ ನಮ್ಮ ಮಾತು ಕೇಳಲ್ಲ. ಆದರೆ ಕಬ್ಬಿಗೆ ಎಷ್ಟು ತಿಂಗಳಾದಾಗ ಮಳೆ ಸಿಗಬೇಕು, ಎಷ್ಟು ತಿಂಗಳಾದಾಗ ಚಳಿ ಸಿಗಬೇಕು ಅನ್ನೋದನ್ನ ಸುಮಾರು ಮಟ್ಟಿಗೆ ನಾವೇ ತೀರ್ಮಾನ ಮಾಡಬಹುದು. ನಾಟಿ ದಿನ, ಕೊನೆಯ ಗೊಬ್ಬರ, ಕೊನೆಯ ನೀರು, ಕಟಾವು, ಈ ನಾಲ್ಕೇ ನಮ್ಮ ಕೈಯಲ್ಲಿರುವುದು. ಕೆಳಗಿನ ಹೆಜ್ಜೆಗಳೆಲ್ಲ ಇವುಗಳ ಸುತ್ತಲೇ ಸುತ್ತುತ್ತವೆ.

ಹೆಜ್ಜೆ 1: ಬೆಳೆಯೋದು ಬೇರೆ, ಸಿಹಿ ಆಗೋದು ಬೇರೆ

ಕಬ್ಬಿನ ಎಲೆ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಗೆ ಎರಡು ದಾರಿ. ಒಂದು, ಹೊಸ ಎಲೆ, ಹೊಸ ಗೆಣ್ಣು, ಬೇರು ಅಂತ ಬೆಳವಣಿಗೆಗೆ ಖರ್ಚಾಗೋದು. ಇನ್ನೊಂದು, ಜಲ್ಲೆಯಲ್ಲಿ ಕೂಡಿಕೊಳ್ಳೋದು. ಸೆಕೆ, ನೀರು, ಸಾರಜನಕ ಮೂರೂ ಧಾರಾಳವಾಗಿ ಸಿಕ್ಕಿದರೆ ಕಬ್ಬು ಖರ್ಚಿಗೆ ಇಳಿಯುತ್ತದೆ. ಚಳಿ ಬಿದ್ದು, ಭೂಮಿ ಸ್ವಲ್ಪ ಒಣಗಿ, ಆಕಾಶ ತಿಳಿಯಾಗಿದ್ದರೆ ಬೆಳವಣಿಗೆ ನಿಧಾನ ಆಗುತ್ತದೆ, ಎಲೆ ಮಾತ್ರ ಸಕ್ಕರೆ ಮಾಡುತ್ತಲೇ ಇರುತ್ತದೆ, ಅದೆಲ್ಲ ಜಲ್ಲೆಗೆ ಇಳಿಯುತ್ತದೆ.

ಬೆಳೆಯುವ ತಿಂಗಳುಗಳಲ್ಲಿ 22ರಿಂದ 30 ಡಿಗ್ರಿ ಸರಾಸರಿ ಉಷ್ಣಾಂಶ ಕಬ್ಬಿಗೆ ಚೆನ್ನ. 20ರ ಕೆಳಗೆ ಹೋದರೆ ಬೆಳವಣಿಗೆ ಕುಂಟುತ್ತದೆ, 38 ದಾಟಿದರೆ ಎಲೆ ಮಾಡುವ ಸಕ್ಕರೆ ಕಡಿಮೆ ಆಗಿ ಉಸಿರಾಟಕ್ಕೆ ಸುಟ್ಟು ಹೋಗುವುದು ಜಾಸ್ತಿ ಆಗುತ್ತದೆ. ಮಾಗುವಾಗ ಮಾತ್ರ 10ರಿಂದ 20 ಡಿಗ್ರಿ ಬೇಕು, ಅದರಲ್ಲೂ 12–14 ಡಿಗ್ರಿ ಸಿಕ್ಕಿದರೆ ಬಹಳ ಒಳ್ಳೆಯದು. ಗಾಳಿಯ ತೇವವೂ ಹಾಗೇ. ಬೆಳೆಯುವಾಗ 80–85 ಶೇಕಡಾ ಇದ್ದರೆ ಜಲ್ಲೆ ಸರಸರ ಏಳುತ್ತದೆ, ಮಾಗುವಾಗ 45–65 ಶೇಕಡಾ ಸಾಕು.

ಮಂಡ್ಯದ ತೊಂದರೆ ಇಲ್ಲೇ ಇರುವುದು. ಡಿಸೆಂಬರ್, ಜನವರಿಯಲ್ಲೂ ಬೆಳಗಿನ ಜಾವ 15–16 ಡಿಗ್ರಿ, ಮಧ್ಯಾಹ್ನ ಮತ್ತೆ ಸೆಕೆ. ಕಬ್ಬಿನ ಬೆಳವಣಿಗೆಗೆ ಬ್ರೇಕ್ ಹಾಕುವಷ್ಟು ಚಳಿ ನಮ್ಮಲ್ಲಿ ಬಹಳ ದಿನ ನಿಲ್ಲಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ನವೆಂಬರ್ ನಂತರ ಒಣ ಹವೆ, ತಂಪು ರಾತ್ರಿ ಸಿಗುವುದರಿಂದ ಅಲ್ಲಿನ ಕಾರ್ಖಾನೆಗಳ ಇಳುವರಿ, ಅಂದರೆ ಕಬ್ಬಿನ ತೂಕಕ್ಕೆ ಸಿಗುವ ಸಕ್ಕರೆಯ ಪ್ರಮಾಣ, ನಮ್ಮದಕ್ಕಿಂತ ಮೇಲಿರುತ್ತದೆ. ಅವರ ಕಬ್ಬಿಗೆ ಚಳಿ ಮಾಡುವ ಕೆಲಸವನ್ನ ನಮ್ಮ ಕಬ್ಬಿಗೆ ನೀರು ನಿಲ್ಲಿಸಿ ನಾವೇ ಮಾಡಬೇಕು.

ಹೆಜ್ಜೆ 2: ಒಂದು ಜಲ್ಲೆ ಹಿಡಿದು ಓದಿ

ಸಂಕ್ರಾಂತಿಗೆ ಗಾಂಧಿ ಬಜಾರಲ್ಲೋ ಕೆ.ಆರ್. ಮಾರ್ಕೆಟ್ಟಲ್ಲೋ ಕಬ್ಬು ತರುತ್ತೀರಲ್ಲ, ಮುಂದಿನ ಸಲ ಮಕ್ಕಳಿಗೆ ತುಂಡು ಮಾಡಿ ಕೊಡುವ ಮೊದಲು ಒಂದು ಜಲ್ಲೆಯನ್ನ ಗೋಡೆಗೆ ಒರಗಿಸಿ ಬುಡದಿಂದ ತುದಿವರೆಗೆ ನೋಡಿ. ಗೆಣ್ಣಿಂದ ಗೆಣ್ಣಿಗೆ ಇರುವ ಅಂತರ ಒಂದೇ ಸಮ ಇರುವುದಿಲ್ಲ. ಎಲ್ಲಿ ಗೆಣ್ಣುಗಳು ಒತ್ತೊತ್ತಾಗಿ ಎರಡು ಬೆರಳಿನ ಅಂತರದಲ್ಲಿ ಕೂತಿವೆಯೋ, ಆ ದಿನಗಳಲ್ಲಿ ಗಿಡಕ್ಕೆ ನೀರು ಸಿಕ್ಕಿಲ್ಲ, ಇಲ್ಲವೇ ಚಳಿ ಹಿಡಿದಿದೆ. ಎಲ್ಲಿ ಗೇಣುದ್ದಕ್ಕೆ ಹತ್ತಿರ ಎಳೆದುಕೊಂಡಿದೆಯೋ, ಅದು ಒಳ್ಳೆ ಮಳೆ, ಒಳ್ಳೆ ಸೆಕೆ ಎರಡೂ ಸಿಕ್ಕ ಕಾಲ. ಜೋರು ಬೆಳವಣಿಗೆಯ ಹೊತ್ತಲ್ಲಿ ಕಬ್ಬು ತಿಂಗಳಿಗೆ ನಾಲ್ಕೈದು ಗೆಣ್ಣು ಹಾಕುತ್ತದೆ, ಹಾಗಾಗಿ ತುದಿಯಿಂದ ಕೆಳಕ್ಕೆ ಎಣಿಸಿಕೊಂಡು ಬಂದರೆ ಯಾವ ತಿಂಗಳು ಏನಾಗಿತ್ತು ಅಂತ ಅಂದಾಜು ಸಿಗುತ್ತದೆ. ಕಬ್ಬು ತನ್ನ ಡೈರಿ ತಾನೇ ಬರೆದುಕೊಂಡಿರುತ್ತದೆ.

ಊರಿಗೆ ಹೋದಾಗ ನಿಮ್ಮ ಗದ್ದೆಯಲ್ಲೂ ಇದನ್ನೇ ಮಾಡಿ. ನೋಡಿಕೊಳ್ಳುವವರನ್ನ "ನೀರು ಸರಿಯಾಗಿ ಕೊಟ್ರಾ ಅಣ್ಣ?" ಅಂತ ಕೇಳಿ ಮುಜುಗರ ಮಾಡುವುದಕ್ಕಿಂತ ಇದು ವಾಸಿ. ಗದ್ದೆಯ ಒಂದು ಮೂಲೆಯಲ್ಲಿ ಮಾತ್ರ ಗೆಣ್ಣು ಗಿಡ್ಡವಾಗಿದ್ದರೆ ಅಲ್ಲಿ ನೀರು ಹತ್ತುತ್ತಿಲ್ಲ ಅಂತ ಅರ್ಥ. ಇಡೀ ಗದ್ದೆಯಲ್ಲಿ ಒಂದೇ ಎತ್ತರಕ್ಕೆ ಗಿಡ್ಡ ಗೆಣ್ಣು ಇದ್ದರೆ ಅದು ಹವಾಮಾನದ್ದು.

ಹಾಗೇ ಬುಡದ ಒಂದು ತುಂಡು, ತುದಿಯ ಒಂದು ತುಂಡು ಅಗಿದು ನೋಡಿ. ಬುಡ ಸಿಹಿ, ತುದಿ ಸಪ್ಪೆ ಆಗಿದ್ದರೆ ಕಬ್ಬು ಇನ್ನೂ ಮಾಗುತ್ತಿದೆ. ಹಲ್ಲಿಂದ ಮಾಡುವ ಈ ಪರೀಕ್ಷೆಯನ್ನೇ ಆರನೇ ಹೆಜ್ಜೆಯಲ್ಲಿ ಒಂದು ಸಣ್ಣ ಉಪಕರಣದಿಂದ ಮಾಡೋಣ.

ಹೆಜ್ಜೆ 3: ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ನಮ್ಮಲ್ಲಿ ನೀರು ಬಂದಾಗ ನಾಟಿ ಮಾಡುವುದು ರೂಢಿ. ಕೆ.ಆರ್.ಎಸ್. ತುಂಬಿತು, ವಿ.ಸಿ. ನಾಲೆಗೆ ನೀರು ಬಿಟ್ಟರು, ಜುಲೈ ಆಗಸ್ಟಲ್ಲಿ ಕಬ್ಬು ನೆಟ್ಟಾಯಿತು. ಅದು ಹನ್ನೆರಡು ತಿಂಗಳಿಗೆ ಬಂದರೆ ಮತ್ತೆ ಜುಲೈ ಆಗಸ್ಟ್. ಮಂಡ್ಯ ಕಡೆಯ ಕಾರ್ಖಾನೆಗಳೂ ಜೂನ್ ಜುಲೈಗೇ ಅರೆಯೋಕೆ ಶುರು ಮಾಡುತ್ತವೆ, ಹಾಗಾಗಿ ಕಬ್ಬು ಹೋಗುತ್ತದೆ, ತೂಕವೂ ಬರುತ್ತದೆ. ಆದರೆ ಅದು ಮೋಡದ ಕಾಲ, ಗಾಳಿಯಲ್ಲಿ ತೇವ, ಭೂಮಿಯಲ್ಲಿ ಹಸಿ. ಸಕ್ಕರೆ ಕೂಡಿಕೊಳ್ಳೋಕೆ ಅಷ್ಟು ಒಳ್ಳೆ ಹೊತ್ತಲ್ಲ.

ಬೋರ್‌ವೆಲ್ ಇದ್ದು ಬೇಸಿಗೆಯಲ್ಲಿ ನೀರು ಕೊಡುವ ತಾಕತ್ತಿದ್ದರೆ ಜನವರಿ ಕೊನೆಯಿಂದ ಫೆಬ್ರವರಿಯೊಳಗೆ ನಾಟಿ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಚಳಿ ಹಿಂದೆ ಸರಿಯುವಾಗ ಮೊಳಕೆ, ಬಿಸಿಲಲ್ಲಿ ಮರಿ ಒಡೆಯುವುದು, ಮುಂಗಾರಲ್ಲಿ ಜೋರು ಬೆಳವಣಿಗೆ, ಹಿಂಗಾರು ಮುಗಿದು ಚಳಿಯಲ್ಲಿ ಮಾಗುವುದು. ಲೆಕ್ಕ ಸರಿಯಾಗಿ ಕೂರುತ್ತದೆ. ಡಿಸೆಂಬರ್ ಕೊನೆಯ ಚಳಿಯಲ್ಲಿ ಬಿತ್ತನೆ ತುಂಡು ನೆಟ್ಟರೆ ಕಣ್ಣು ಏಳೋಕೆ ಸತಾಯಿಸುತ್ತದೆ, ಕೆಲವು ಮಣ್ಣಲ್ಲೇ ಕೊಳೆಯುತ್ತವೆ. ಟ್ರೇಯಲ್ಲಿ ಬೆಳೆಸಿದ ಒಂಟಿ ಕಣ್ಣಿನ ಸಸಿ ತಂದು ನೆಟ್ಟರೆ ಈ ತಲೆನೋವು ಕಡಿಮೆ, ಮೊಳಕೆಯ ತಿಂಗಳು ನರ್ಸರಿಯಲ್ಲೇ ಕಳೆದಿರುತ್ತದೆ.

ತಳಿ ವಿಷಯ ಬೇಗ ಮುಗಿಸುತ್ತೇನೆ. ಕೋ 86032, ಕೋ 62175, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ಬಂದ ವಿಸಿಎಫ್ 0517, ಇವೆಲ್ಲ ನಮ್ಮ ಭಾಗದಲ್ಲಿ ಕಾಣಸಿಗುವವು. ನಿಮ್ಮ ಮಣ್ಣಿಗೆ, ನೀವು ನೆಡುವ ತಿಂಗಳಿಗೆ ಯಾವುದು ಹೊಂದುತ್ತದೆ ಅಂತ ವಿ.ಸಿ. ಫಾರಂನಲ್ಲೇ ಕೇಳಿ. ಬೆಂಗಳೂರಲ್ಲಿದ್ದರೆ ಜಿಕೆವಿಕೆ ಕೃಷಿ ಮೇಳಕ್ಕೆ ಹೋದಾಗ ಸುಮ್ನೆ ಟ್ರ್ಯಾಕ್ಟರ್ ನೋಡಿ ಬರುವ ಬದಲು ಕಬ್ಬಿನ ಮಳಿಗೆ ಹುಡುಕಿ ಕೇಳಿದರೂ ಆಗುತ್ತದೆ.

ಹೆಜ್ಜೆ 4: ಬೇಸಿಗೆ ಮತ್ತು ಮುಂಗಾರು

ಮೊದಲ ನಾಲ್ಕು ತಿಂಗಳು ಕಬ್ಬಿಗೆ ಬೇಕಾಗಿರುವುದು ಬಿಸಿಲು. ಬುಡಕ್ಕೆ ಬೆಳಕು ಬಿದ್ದಷ್ಟೂ ಮರಿ ಜಾಸ್ತಿ. ತೆಂಗಿನ ನೆರಳಲ್ಲಿರುವ ಸಾಲುಗಳು ಯಾವಾಗಲೂ ಬಡಕಲು ಯಾಕೆ ಅಂದರೆ ಇದೇ ಕಾರಣ, ಅಲ್ಲಿಗೆ ಎಷ್ಟು ಗೊಬ್ಬರ ಸುರಿದರೂ ಉಪಯೋಗ ಇಲ್ಲ.

ಏಪ್ರಿಲ್ ಬಿಸಿಲು ಈಚೆಗೆ ವಿಪರೀತ ಆಗಿದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿತ್ತು, ಇನ್ನು ಮಂಡ್ಯ ಕೇಳಬೇಕೇ. ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಂಡರೆ ಗಾಬರಿ ಬೇಡ. ಬೆಳಿಗ್ಗೆ ಒಂಬತ್ತಕ್ಕೇ ಸುತ್ತಿಕೊಂಡಿದ್ದರೆ ಅವತ್ತೇ ನೀರು ಕೊಡಿ. ಊರಲ್ಲಿರುವವರಿಗೆ ಹೇಳಿ, ಬೆಳಿಗ್ಗೆ ಒಂಬತ್ತಕ್ಕೆ ಒಂದು ಫೋಟೋ ವಾಟ್ಸಾಪಲ್ಲಿ ಕಳಿಸಲಿ. ಮಧ್ಯಾಹ್ನದ ಫೋಟೋದಿಂದ ಏನೂ ಗೊತ್ತಾಗಲ್ಲ. ಬಿಸಿಲು ಜೋರಿದ್ದು ಮಣ್ಣು ಒಣಗಿದಾಗಲೇ ಎಳೆ ಕಬ್ಬಿಗೆ ಸುಳಿ ಕೊರೆಯುವ ಹುಳ ಬೀಳುವುದು. ಸುಳಿ ಒಣಗಿ, ಎಳೆದರೆ ಕೈಗೇ ಬರುತ್ತದೆ. ಬುಡಕ್ಕೆ ಸ್ವಲ್ಪ ಮಣ್ಣು ಏರಿಸಿ, ಸಾಲಿನ ನಡುವೆ ತರಗು ಮುಚ್ಚಿ, ತೇವ ಕಾಯ್ದುಕೊಂಡರೆ ಅರ್ಧ ಕಾಟ ತಪ್ಪುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲ್ಲೆ ಎತ್ತರ ಆಗುವ ಕಾಲ. ಕಬ್ಬಿಗೆ ಒಂದು ಬೆಳೆಗೆ ಒಟ್ಟು 1500ರಿಂದ 2500 ಮಿಲಿಮೀಟರ್ ನೀರು ಬೇಕು. ಮಳೆಯಿಂದ ಬರುವ 700ರಲ್ಲಿ ಎಲ್ಲವೂ ಬೇರಿಗೆ ಸಿಗಲ್ಲ. ಉಳಿದದ್ದು ನಾಲೆ ಅಥವಾ ಬೋರ್‌ವೆಲ್‌ನದ್ದು. ನಾಲೆ ಕೈಕೊಟ್ಟರೆ ಏನಾಗುತ್ತದೆ ಅಂತ 2023ರಲ್ಲಿ ಎಲ್ಲರೂ ನೋಡಿದ್ದೇವೆ. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆದ ವರ್ಷ ಅದು. ಈ ನಾಲ್ಕು ತಿಂಗಳಲ್ಲಿ ನೀರು ತಪ್ಪಿದರೆ ಆ ತೂಕ ಮತ್ತೆ ಬರಲ್ಲ, ಆಮೇಲೆ ಎಷ್ಟು ಮಳೆ ಬಂದರೂ ಗಿಡ್ಡ ಗೆಣ್ಣು ಉದ್ದ ಆಗಲ್ಲ.

ನೀರು ನಿಂತರೂ ಕಷ್ಟವೇ. ನಾಲೆ ಕೆಳಗಿನ ಜವುಗು ಗದ್ದೆಗಳಲ್ಲಿ ಬೇರಿಗೆ ಗಾಳಿ ಸಿಗದೆ ಕಬ್ಬು ಹಳದಿ ಆಗುತ್ತದೆ, ಗೆಣ್ಣಲ್ಲೆಲ್ಲ ಬೇರು ಬಿಡುತ್ತದೆ, ರಸ ನೀರುನೀರಾಗುತ್ತದೆ. ಬಸಿಗಾಲುವೆ ಮಳೆಗಾಲಕ್ಕೆ ಮುಂಚೆಯೇ ತೆಗೆಸಿ.

ಯೂರಿಯಾ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾಟಿಯಾಗಿ ನಾಲ್ಕು ತಿಂಗಳೊಳಗೆ ಸಾರಜನಕ ಮುಗಿಸಿಬಿಡಿ. ಆಗಸ್ಟ್ ಸೆಪ್ಟೆಂಬರಲ್ಲಿ ಮಳೆ ಚೆನ್ನಾಗಿ ಬಂತು, ಕಬ್ಬು ಸ್ವಲ್ಪ ತಿಳಿ ಹಸಿರಾಗಿದೆ ಅಂತ ಇನ್ನೊಂದು ಮೂಟೆ ಎರಚಿದರೆ ಎಲೆ ಕಪ್ಪಗೆ ಹಸಿರಾಗಿ ಕಣ್ಣಿಗೆ ಚೆಂದ ಕಾಣುತ್ತದೆ. ಆದರೆ ಬುಡದಲ್ಲಿ ಹೊಸ ಎಳೆ ಮರಿ ಏಳುತ್ತವೆ, ಮಾಗಬೇಕಾದ ಕಬ್ಬು ಮತ್ತೆ ಬೆಳೆಯೋಕೆ ಹೊರಡುತ್ತದೆ, ಮೊದಲ ಗಾಳಿಗೇ ಮಲಗುತ್ತದೆ.

ಮಲಗಿದ ಕಬ್ಬು ಮಾಡುವ ನಷ್ಟ ಕಡಿಮೆ ಅಂದುಕೊಳ್ಳಬೇಡಿ. ನೆಲ ಮುಟ್ಟಿದ ಗೆಣ್ಣಲ್ಲಿ ಬೇರು, ಪಕ್ಕದ ಕಣ್ಣಲ್ಲಿ ಚಿಗುರು, ಬಿರುಕಲ್ಲಿ ಕೊಳೆ, ಜೊತೆಗೆ ಇಲಿ. ಎಲ್ಲದಕ್ಕೂ ಖರ್ಚಾಗುವುದು ಕೂಡಿಟ್ಟ ಸಕ್ಕರೆಯೇ. ಐದನೇ ತಿಂಗಳಲ್ಲಿ ಒಮ್ಮೆ, ಏಳನೇ ತಿಂಗಳಲ್ಲಿ ಒಮ್ಮೆ ಒಣ ಎಲೆ ಸುಲಿಸಿ, ಅದೇ ಎಲೆಯಿಂದ ಎದುರು ಬದುರಿನ ಸಾಲು ಸೇರಿಸಿ ಕಟ್ಟಿಸಿ. ಆಳು ಸಿಗಲ್ಲ, ಕೂಲಿ ಜಾಸ್ತಿ, ಗೊತ್ತು. ಗಾಳಿ ಹೊಡೆಯುವ ಕಡೆಯ ಹೊರಸಾಲುಗಳನ್ನಾದರೂ ಕಟ್ಟಿಸಿ.

ಹೆಜ್ಜೆ 5: ಹಸ್ತ ಮಳೆಯಿಂದ ಸಂಕ್ರಾಂತಿವರೆಗೆ

ಜನವರಿಗೆ ಕಟಾವು ಮಾಡುವವರಿಗೆ ಸಕ್ಕರೆ ತೀರ್ಮಾನ ಆಗುವುದು ಇಲ್ಲೇ. ನಮ್ಮ ಭಾಗದಲ್ಲಿ ಜಾಸ್ತಿ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಲ್ಲಿ. ಹಸ್ತ, ಚಿತ್ತಾ, ಸ್ವಾತಿ ಮುಗಿಯುವ ಹೊತ್ತಿಗೆ ನವೆಂಬರ್ ಮೊದಲ ವಾರ. ಆಮೇಲೆ ವಿಶಾಖ. ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್ ಪೂರ್ತಿ ಮೋಡ, ಜಡಿಮಳೆ. 2021ರ ನವೆಂಬರ್ ನೆನಪಿದೆಯಲ್ಲ, ಬೆಂಗಳೂರಲ್ಲಿ ಬಟ್ಟೆ ಒಣಗದ ತಿಂಗಳು. ಅಂಥ ವರ್ಷ ಕಬ್ಬು ಮಾಗುವುದು ತಡ ಆಗುತ್ತದೆ, ನಾವು ಅದನ್ನ ಒಪ್ಪಿಕೊಂಡು ಕಾಯಬೇಕು.

ಮಾಮೂಲಿ ವರ್ಷ ಹೀಗೆ ಮಾಡಿ. ಕಟಾವು ಜನವರಿ ಮಧ್ಯಕ್ಕೆ ಅಂತಿಟ್ಟುಕೊಳ್ಳಿ. ನವೆಂಬರ್ ಕೊನೆಯಿಂದ ನೀರಿನ ಅಂತರ ಹೆಚ್ಚಿಸುತ್ತಾ ಹೋಗಿ. ವಾರಕ್ಕೊಮ್ಮೆ ಕೊಡುತ್ತಿದ್ದರೆ ಹತ್ತು ದಿನ, ಆಮೇಲೆ ಹದಿನೈದು. ಎರೆ ಮಣ್ಣು ತೇವ ಬಹಳ ದಿನ ಹಿಡಿದುಕೊಳ್ಳುತ್ತದೆ, ಅಲ್ಲಿ ಕಟಾವಿಗೆ ನಾಲ್ಕರಿಂದ ಆರು ವಾರ ಮುಂಚೆ ಪೂರ್ತಿ ನಿಲ್ಲಿಸಬಹುದು. ಕೆಂಪು ಮರಳು ಮಣ್ಣಲ್ಲಿ ಎರಡು ಮೂರು ವಾರ ಸಾಕು. ಒಂದೇ ಸಲ ಕಡಿದರೆ ಜಲ್ಲೆ ಸೊರಗುತ್ತದೆ, ಬೆಂಡಾಗುತ್ತದೆ, ತೂಕ ಹೋಗುತ್ತದೆ. ನಮಗೆ ಬೇಕಾಗಿರುವುದು ಬೆಳವಣಿಗೆ ನಿಧಾನ ಆಗುವುದು, ಗಿಡ ಸಾಯುವುದಲ್ಲ. ಮೇಲಿನ ಎಂಟು ಹತ್ತು ಎಲೆ ಹಸಿರಾಗಿರಲಿ.

ಏಪ್ರಿಲ್ ಮೇ ತಿಂಗಳಲ್ಲಿ ಕಟಾವು ಆಗುವ ಕಬ್ಬಿಗೆ ಈ ಲೆಕ್ಕ ಹಾಕಬೇಡಿ. ಆ ಸೆಕೆಯಲ್ಲಿ ಭೂಮಿ ತಾನಾಗೇ ಒಣಗುತ್ತದೆ. ನೀವೂ ನೀರು ನಿಲ್ಲಿಸಿದರೆ ಸಕ್ಕರೆಗಿಂತ ನಾರೇ ಜಾಸ್ತಿ ಸಿಗುತ್ತದೆ.

ಸೂಲಂಗಿ, ಅಂದರೆ ಕಬ್ಬಿನ ಹೂವಿನ ವಿಷಯ ಬಹಳ ಜನ ಕೇಳುತ್ತಾರೆ. ಆಗಸ್ಟ್ ಸೆಪ್ಟೆಂಬರಲ್ಲಿ ಹಗಲು ಹನ್ನೆರಡೂವರೆ ಗಂಟೆಯ ಹತ್ತಿರಕ್ಕೆ ಇಳಿದು, ರಾತ್ರಿ 20–25 ಡಿಗ್ರಿ ಇದ್ದು, ಭೂಮಿಯಲ್ಲಿ ತೇವ ಇದ್ದರೆ ಕಬ್ಬು ಒಳಗೇ ಹೂವಿಗೆ ತಯಾರಾಗುತ್ತದೆ, ನಮಗೆ ಕಾಣುವುದು ಎರಡು ಮೂರು ತಿಂಗಳಾದ ಮೇಲೆ. ಸೂಲಂಗಿ ಬಂದ ತಕ್ಷಣ ಸಕ್ಕರೆ ಹೋಗಲ್ಲ. ಉದ್ದ ಬೆಳೆಯುವುದು ನಿಲ್ಲುವುದರಿಂದ ಕೆಲವು ವಾರ ಸಿಹಿ ಏರುವುದೂ ಉಂಟು. ಆದರೆ ಬಿಟ್ಟಿದ್ದು ಬಿಟ್ಟಂಗೇ ಇದ್ದರೆ ಮೇಲಿಂದ ಬೆಂಡು ಇಳಿಯುತ್ತದೆ, ಪಕ್ಕದ ಕಣ್ಣು ಒಡೆಯುತ್ತದೆ. ಎರಡು ತಿಂಗಳ ಒಳಗೆ ಕಡಿಸುವ ಏರ್ಪಾಡು ಮಾಡಿಕೊಳ್ಳಿ. ಕಾರ್ಖಾನೆಯ ಫೀಲ್ಡ್‌ಮನ್‌ಗೆ ಸೂಲಂಗಿಯ ಫೋಟೋ ಕಳಿಸಿ, ಕಟಾವು ಪರ್ಮಿಟ್‌ಗೆ ಮೊದಲೇ ಬೆನ್ನು ಹತ್ತಿ.

ಮುನ್ಸೂಚನೆ ಎಲ್ಲಿಂದ? ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಕನ್ನಡದಲ್ಲೂ ಇದೆ, ಮಂಗಳವಾರ ಮತ್ತು ಶುಕ್ರವಾರ ರೈತರಿಗೆ ಸಲಹೆ ಬರುತ್ತದೆ. ಬೆಂಗಳೂರಲ್ಲೇ ಇರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಪಂಚಾಯ್ತಿ ಹೆಸರು ಹೇಳಿ ಕೇಳಬಹುದು. ಅವರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಫೋನಲ್ಲಿ ಮಾಮೂಲಿ ಬರುವ ಹವಾಮಾನ ಆ್ಯಪ್ ನೀವಿರುವ ಜಾಗದ್ದನ್ನ ತೋರಿಸುತ್ತದೆ, ಗದ್ದೆಯದ್ದನ್ನಲ್ಲ. ಊರಿನ ಹೆಸರು ಹಾಕಿ ಸೇವ್ ಮಾಡಿಕೊಳ್ಳಿ.

ಹೆಜ್ಜೆ 6: ಅಳೆದು ನೋಡಿ

ಹ್ಯಾಂಡ್ ರಿಫ್ರಾಕ್ಟೋಮೀಟರ್ ಅಂತ ಪುಟ್ಟ ಕೊಳವೆಯಂಥ ಉಪಕರಣ ಆನ್‌ಲೈನಲ್ಲೇ ಸಿಗುತ್ತದೆ. 0–32 ಬ್ರಿಕ್ಸ್ (ರಸ ಎಷ್ಟು ಗಟ್ಟಿ ಅನ್ನುವ ಅಂಕಿ) ಅಳತೆಯದ್ದು, ಉಷ್ಣಾಂಶಕ್ಕೆ ತಾನೇ ಹೊಂದಿಕೊಳ್ಳುವಂಥದ್ದು ತೆಗೆದುಕೊಳ್ಳಿ. ಮೊದಲು ಡಿಸ್ಟಿಲ್ಡ್ ನೀರು ಒಂದು ತೊಟ್ಟು ಹಾಕಿ ಗೆರೆ ಸೊನ್ನೆಗೆ ಬರುತ್ತದಾ ನೋಡಿ, ಬರದಿದ್ದರೆ ಸಣ್ಣ ಸ್ಕ್ರೂ ತಿರುಗಿಸಿ ತರಿಸಿ. ಬದುವಿನ ಪಕ್ಕದ ಸಾಲು ಬೇಡ, ಅದಕ್ಕೆ ಬಿಸಿಲು ಜಾಸ್ತಿ, ಅದು ಸುಳ್ಳು ಹೇಳುತ್ತದೆ. ಗದ್ದೆ ಒಳಗೆ ನುಗ್ಗಿ ಅಲ್ಲಲ್ಲಿ ಹತ್ತು ಹನ್ನೆರಡು ಜಲ್ಲೆ ಆರಿಸಿ. ಪ್ರತಿ ಜಲ್ಲೆಯ ಬುಡ, ನಡು, ತುದಿಯಿಂದ ರಸ ತೆಗೆದು ಗಾಜಿನ ಮೇಲೆ ಒಂದೊಂದು ತೊಟ್ಟು ಬಿಟ್ಟು, ಮುಚ್ಚಳ ಮುಚ್ಚಿ ಬೆಳಕಿಗೆ ಹಿಡಿಯಿರಿ. ನೀಲಿ, ಬಿಳಿ ಎರಡೂ ಸೇರುವ ಗೆರೆಯೇ ಬ್ರಿಕ್ಸ್. ಪ್ರತಿ ಸಲ ಗಾಜು ಒರೆಸಿ, ಇಲ್ಲದಿದ್ದರೆ ಹಿಂದಿನ ರಸವೇ ಅಳತೆಗೆ ಬರುತ್ತದೆ.

ಸರಾಸರಿ 18 ದಾಟಿ, ತುದಿಯದ್ದೂ ಬುಡದ್ದೂ ಹತ್ತಿರ ಹತ್ತಿರ ಬಂದಿದ್ದರೆ ಕಬ್ಬು ಮಾಗಿದೆ. ಬುಡ 20, ತುದಿ 13 ಇದ್ದರೆ ಇನ್ನೂ ಕಾಯಿರಿ. ಬುಡವೇ ತುದಿಗಿಂತ ಕೆಳಗೆ ಇಳಿದಿದ್ದರೆ ವಯಸ್ಸು ಮೀರಿದೆ, ಕೂಡಲೇ ಕಡಿಸಿ. ಮಳೆ ಬಂದ ಅಥವಾ ನೀರು ಹಾಯಿಸಿದ ಮಾರನೇ ದಿನ ಅಳೆಯಬೇಡಿ, ರಸ ತೆಳುವಾಗಿ ಕಮ್ಮಿ ತೋರಿಸುತ್ತದೆ. ಬ್ರಿಕ್ಸ್ ಅಂದರೆ ರಸದಲ್ಲಿ ಕರಗಿರುವುದೆಲ್ಲ, ಪೂರ್ತಿ ಸಕ್ಕರೆ ಅಲ್ಲ ಅನ್ನುವುದೂ ತಲೆಯಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ಅಳೆದು ಅಂಕಿ ಏರುತ್ತಿದೆಯಾ ಅಂತ ನೋಡುವುದೇ ಇದರ ಉಪಯೋಗ.

ಹೆಜ್ಜೆ 7: ಕಡಿದ ಮೇಲೆ ಗಡಿಯಾರ ನೋಡಿ

ಕಡಿದ ಕ್ಷಣದಿಂದ ಜಲ್ಲೆಯೊಳಗಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗೋಕೆ ಶುರು. ಬಿಸಿಲು ಜೋರಿದ್ದರೆ ಬೇಗ ಬೇಗ. 24 ಗಂಟೆಯೊಳಗೆ ಗಾಣಕ್ಕೆ ಹೋದರೆ ಸರಿ, ಎರಡು ದಿನ ದಾಟಿದರೆ ತೂಕ, ಸಿಹಿ ಎರಡೂ ಹೋಗುತ್ತವೆ. ಲಾರಿ ಬರುವುದು ಖಾತ್ರಿ ಆಗದೆ ಕಡಿಸಬೇಡಿ. ಕಡಿದದ್ದು ಕಾಯಬೇಕಾಗಿ ಬಂದರೆ ನೆರಳಲ್ಲಿಟ್ಟು ಸೋಗೆ ಮುಚ್ಚಿ ನೀರು ಚಿಮುಕಿಸಿ. ನೆಲಮಟ್ಟಕ್ಕೆ ಕಡಿಸಿ, ಬುಡದ ಗೆಣ್ಣಲ್ಲೇ ಸಕ್ಕರೆ ಜಾಸ್ತಿ. ಎಳೆ ತುದಿ ಬಿಡಿಸಿ. ಬೆಂಕಿ ಹಚ್ಚಿ ಕಡಿಯುವವರಿಗೆ ಒಪ್ಪಿಗೆ ಕೊಡಬೇಡಿ, ಸುಟ್ಟ ಕಬ್ಬು ಇನ್ನೂ ಬೇಗ ಕೆಡುತ್ತದೆ.

ಈಗ ನೀವು ಕೇಳುವ ಪ್ರಶ್ನೆ ಗೊತ್ತು. ಕಾರ್ಖಾನೆ ದುಡ್ಡು ಕೊಡುವುದು ತೂಕಕ್ಕೆ, ನನ್ನ ಕಬ್ಬಿನ ಸಿಹಿಗಲ್ಲ, ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ? ಮಾತು ನಿಜವೇ. 2025–26ರ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, 10.25 ಶೇಕಡಾ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 0.1 ಏರಿದರೆ 3.46 ರೂಪಾಯಿ ಜಾಸ್ತಿ, ಇಳಿದರೆ ಅಷ್ಟೇ ಕಡಿತ. 9.5ಕ್ಕಿಂತ ಕೆಳಗಿದ್ದರೆ 329.05 ರೂಪಾಯಿಗೆ ನಿಲ್ಲುತ್ತದೆ. ಈ ಇಳುವರಿ ಇಡೀ ಕಾರ್ಖಾನೆಯದ್ದು, ನಿಮ್ಮೊಬ್ಬರ ಗದ್ದೆಯದ್ದಲ್ಲ. ಹಾಗಾಗಿ ಕಾರ್ಖಾನೆಗೇ ಹಾಕುವವರು ನಾಲ್ಕನೇ ಹೆಜ್ಜೆಗೆ, ಅಂದರೆ ತೂಕಕ್ಕೆ ಒತ್ತು ಕೊಟ್ಟರೆ ನಾನು ತಪ್ಪು ಅನ್ನಲ್ಲ.

ಆಲೆಮನೆಗೆ ಹಾಕುವವರ ಕಥೆ ಬೇರೆ. ಒಂದು ಟನ್ ಕಬ್ಬಿಗೆ ಅಂದಾಜು 100 ಕೆ.ಜಿ. ಬೆಲ್ಲ ಅನ್ನುವ ಲೆಕ್ಕ ಮಾಗಿದ ಕಬ್ಬಿನದ್ದು. ಮಾಗದ ಕಬ್ಬು, ಮಳೆಯಲ್ಲಿ ನೆನೆದ ಕಬ್ಬು, ಎರಡು ದಿನ ಬಿದ್ದಿದ್ದ ಕಬ್ಬು ಹಾಕಿದರೆ ರಸದಲ್ಲಿ ಗ್ಲೂಕೋಸ್ ಜಾಸ್ತಿಯಾಗಿ ಪಾಕ ಎಷ್ಟು ಕಾಯಿಸಿದರೂ ಅಚ್ಚು ಗಟ್ಟಿ ಕೂರಲ್ಲ. ಅಂಟಂಟು ಬೆಲ್ಲ, ಅರ್ಧ ರೇಟು. ಇಲ್ಲಿ ಸಿಹಿಯ ಲಾಭ ನಷ್ಟ ನೇರ ನಿಮ್ಮ ಜೇಬಿಗೇ ಬರುತ್ತದೆ.

ಹೆಜ್ಜೆ 8: ಕೂಳೆ ಬಿಡುವವರಿಗೆ

ಕೂಳೆ ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬರುವ ಬೆಳೆ. ಜನವರಿ ನಡುವಲ್ಲಿ ಕಡಿದರೆ ಸಿಹಿ ಚೆನ್ನಾಗಿರುತ್ತದೆ, ಆದರೆ ಆ ಚಳಿಗೆ ಕೂಳೆ ಚಿಗುರು ನಿಧಾನ. ಫೆಬ್ರವರಿಗೆ ಕಡಿದರೆ ಚಿಗುರು ಬೇಗ, ಸಿಹಿಯೂ ಹೆಚ್ಚು ಕಮ್ಮಿ ಉಳಿದಿರುತ್ತದೆ. ಕೂಳೆ ಬಿಡುವ ಯೋಚನೆ ಇದ್ದರೆ ಫೆಬ್ರವರಿಯೇ ವಾಸಿ. ಕಡಿದ ವಾರದೊಳಗೆ ಉಳಿದ ಮೋಟು ನೆಲಮಟ್ಟಕ್ಕೆ ಸವರಿಸಿ, ತರಗು ಸುಡದೆ ಸಾಲು ಬಿಟ್ಟು ಸಾಲಿಗೆ ಹರಡಿಸಿ, ಒಂದು ನೀರು ಕೊಡಿ. ಕೂಳೆ ಕಬ್ಬು ನಾಟಿ ಕಬ್ಬಿಗಿಂತ ಒಂದು ತಿಂಗಳಾದರೂ ಮುಂಚೆ ಮಾಗುತ್ತದೆ, ಹಾಗಾಗಿ ಯೂರಿಯಾವನ್ನೂ ಬೇಗ ಮುಗಿಸಿ, ಮುಂದಿನ ವರ್ಷ ಬ್ರಿಕ್ಸ್ ಅಳೆಯುವುದನ್ನ ನವೆಂಬರ್ ಕೊನೆಯಿಂದಲೇ ಶುರು ಮಾಡಿ.